ಆದಿಮಾನವನ ಹೊಕ್ಕುಳು

ತಾಯಿಯ ಗರ್ಭದಲ್ಲಿ ಬೆಳೆಯದೆ ನೇರವಾಗಿ ದೇವರ ಕೈಯಿಂದ ಹುಟ್ಟಿದ ಮೊದಲ ಮನುಷ್ಯನಿಗೆ ಹೊಕ್ಕುಳು ಇತ್ತೇ? ಹುಡುಗಾಟದಂತೆ ತೋರುವ ಈ ಪ್ರಶ್ನೆಯನ್ನು ಹಿಡಿದು 1857ರಲ್ಲಿ ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ ಒಂದು ಗ್ರಂಥವನ್ನೇ ಬರೆದನು. ಅದರ ಹೆಸರು ‘ಆಂಫಲಾಸ್’; ಗ್ರೀಕ್ ಭಾಷೆಯಲ್ಲಿ ಹೊಕ್ಕುಳು ಎಂದರ್ಥ.

ಗಾಸ್ ಕಡಲಜೀವಿಗಳನ್ನು ಚೆನ್ನಾಗಿ ಬಲ್ಲ ವಿಜ್ಞಾನಿ, ಪರಮಭಕ್ತನೂ ಹೌದು. ಆರು ದಿನಗಳಲ್ಲಿ ಸೃಷ್ಟಿ ಮುಗಿಯಿತೆಂಬ ಬೈಬಲ್ಲಿನ ಮಾತು ಅವನಿಗೆ ಅಕ್ಷರಶಃ ಸತ್ಯ. ಆದರೆ ಬಂಡೆಗಳ ಪದರಗಳೂ ಅವುಗಳಲ್ಲಿ ಹುದುಗಿದ ಪಳೆಯುಳಿಕೆಗಳೂ ಅಪಾರ ಕಾಲದ ಕಥೆಯನ್ನು ಹೇಳುತ್ತಿದ್ದುವು. ಎರಡನ್ನೂ ಬಿಡಲಾರದೆ ಅವನು ಕಂಡುಕೊಂಡ ಪರಿಹಾರ ನಮ್ಮ ಬೀಜವೃಕ್ಷನ್ಯಾಯದಂಥದು. ಬೀಜದಿಂದ ಮರ, ಮರದಿಂದ ಬೀಜ. ಈ ಚಕ್ರವನ್ನು ದೇವರು ಎಲ್ಲಿ ಆರಂಭಿಸಿದರೂ ನಡುವೆಯೇ ಆರಂಭಿಸಬೇಕು. ಆದ್ದರಿಂದ ಮೊದಲ ಮರಕ್ಕೆ ಬೆಳವಣಿಗೆಯ ಉಂಗುರಗಳಿದ್ದುವು, ಮೊದಲ ಮನುಷ್ಯನಿಗೆ ಹೊಕ್ಕುಳಿತ್ತು, ಬಂಡೆಗಳಲ್ಲಿ ಎಂದೂ ಬದುಕಿರದ ಪ್ರಾಣಿಗಳ ಎಲುಬುಗಳಿದ್ದುವು!

ವಾಚಕರೇ, ಈ ತರ್ಕದಲ್ಲಿ ತೂತು ಹುಡುಕಿ ನೋಡಿ, ಸುಲಭವಾಗಿ ಸಿಗುವುದಿಲ್ಲ. ಆದರೂ ಗ್ರಂಥವನ್ನು ವಿಜ್ಞಾನಿಗಳೂ ಒಪ್ಪಲಿಲ್ಲ, ಭಕ್ತರೂ ಒಪ್ಪಲಿಲ್ಲ. ಗಾಸನ ಮಿತ್ರನಾದ ಪಾದ್ರಿ ಚಾರ್ಲ್ಸ್ ಕಿಂಗ್ಸ್ಲಿ, ದೇವರು ಬಂಡೆಗಳ ಮೇಲೆ ಸುಳ್ಳನ್ನು ಬರೆದಿಟ್ಟನೆಂದು ತಾನು ನಂಬಲಾರೆನೆಂದು ಕಾಗದ ಬರೆದನು.

ದೋಷವಿದ್ದುದು ಇಲ್ಲಿ: ನೆಲ ಅಗೆದಾಗ ಏನು ಸಿಕ್ಕಿದರೂ ಗಾಸನ ಉತ್ತರ ಮೊದಲೇ ಸಿದ್ಧ. ಯಾವ ಸಾಕ್ಷ್ಯದಿಂದಲೂ ಸೋಲದ ಮಾತು ಯಾವ ಸಾಕ್ಷ್ಯದಿಂದಲೂ ಗೆಲ್ಲಲಾರದು. ಜಗತ್ತು ನಿನ್ನೆ ಬೆಳಿಗ್ಗೆ, ನಮ್ಮ ನೆನಪುಗಳೊಂದಿಗೆ, ಮನೆಯ ಹಳೆಯ ಲೆಕ್ಕದ ಪುಸ್ತಕಗಳೊಂದಿಗೆ ಹುಟ್ಟಿತೆಂದು ಒಬ್ಬನು ವಾದಿಸಿದರೆ, ಅದೇ ತರ್ಕ ಅವನಿಗೂ ಒದಗುತ್ತದೆ. ಕಡಲತೀರದಲ್ಲಿ ಕಣ್ಣಿನ ಸಾಕ್ಷಿಯನ್ನು ನಂಬಿದ ಗಾಸ್ ಬಂಡೆಯ ಮುಂದೆ ಅದನ್ನು ತಳ್ಳಿಹಾಕಿದನು. ಕೊಳ್ಳುವಾಗ ಒಂದು ಸೇರು, ಮಾರುವಾಗ ಇನ್ನೊಂದು ಸೇರು ಎಂಬಂತಾಯಿತು.

1859ರ ನವೆಂಬರಿನಲ್ಲಿ ಡಾರ್ವಿನ್ನನ ಜೀವವಿಕಾಸದ ಗ್ರಂಥ ಹೊರಬಂದಿತು. ತಾನೇ ವಿಕಾಸಗೊಳ್ಳಬಲ್ಲ ಜೀವರೂಪಗಳನ್ನು ದೇವರು ನಿರ್ಮಿಸಿದನೆಂದರೆ ಅವನ ಹಿರಿಮೆಗೆ ಕುಂದಿಲ್ಲವೆಂದು ಕಿಂಗ್ಸ್ಲಿ ಡಾರ್ವಿನ್ನನಿಗೆ ತಿಳಿಸಿದನು. 1860ರ ಎರಡನೆಯ ಆವೃತ್ತಿಯಲ್ಲಿ, ಹೆಸರು ಹೇಳದೆ, ಡಾರ್ವಿನ್ ಆ ಅಭಿಪ್ರಾಯವನ್ನು ಸೇರಿಸಿದನು. ಆದರೆ ಡಾರ್ವಿನ್ನನಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಜೀವಂತ ಕಂಬಳಿಹುಳುವಿನ ಒಡಲನ್ನು ತಿಂದು ಬೆಳೆಯುವ ಕಣಜದ ಮರಿಗಳನ್ನು ಕರುಣಾಮಯನಾದ ದೇವರು ಬೇಕೆಂದೇ ಸೃಷ್ಟಿಸಿದನೆಂದು ಒಪ್ಪಲಾರೆನೆಂದು, ಅದೇ ವರ್ಷ ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ಬರೆದನು.

ಕಿಂಗ್ಸ್ಲಿ, ಡಾರ್ವಿನ್ ಇಬ್ಬರೂ ಒಂದೇ ತೀರ್ಮಾನಕ್ಕೆ ಬರಲಿಲ್ಲ. ಆದರೆ ಕಂಡ ಸಾಕ್ಷ್ಯವನ್ನು ಇಬ್ಬರೂ ಸುಳ್ಳೆನ್ನಲಿಲ್ಲ. ದೇವರನ್ನು ನಂಬುವವರೂ ನಂಬದವರೂ ತಮ್ಮನ್ನು ತಾವೇ ಕೇಳಿಕೊಳ್ಳಬಹುದಾದ ಪ್ರಶ್ನೆಯೊಂದಿದೆ: ಏನು ಕಂಡರೆ ನನ್ನ ಅಭಿಪ್ರಾಯವನ್ನು ನಾನು ಬದಲಿಸಿಕೊಳ್ಳುತ್ತೇನೆ? ಏನು ಕಂಡರೂ ಬದಲಿಸೆನೆಂಬ ಉತ್ತರ ಬಂದರೆ, ನಮ್ಮ ಕೈಯಲ್ಲಿರುವ ಸೇರನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು.