ಸಾಲದ ವ್ಯವಹಾರದಲ್ಲಿ ಪ್ರತಿವಾದಿಯ ಉತ್ತರ

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ (1076–1126) ಆಳಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯು ದಾಯವಿಭಾಗದ ವಿಷಯದಲ್ಲಿ ಎಷ್ಟು ಪ್ರಸಿದ್ಧವೋ ಋಣಾದಾನದ ವಿಷಯದಲ್ಲಿ ಅಷ್ಟು ಪರಿಚಿತವಲ್ಲ. ಧನಿಕನು ನ್ಯಾಯಸಭೆಗೆ ಕರೆಯಿಸಿದಾಗ ಸಾಲಗಾರನಾದವನು ಬಾಯಿ ತೆರೆದು ಏನನ್ನು ಹೇಳಬಹುದೆಂಬುದನ್ನು ಈ ಕನ್ನಡನಾಡಿನ ಗ್ರಂಥವು ಬಹು ಸೂಕ್ಷ್ಮವಾಗಿ ವಿವೇಚಿಸಿರುವುದು.

ವ್ಯವಹಾರಕ್ಕೆ ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ ಎಂದು ನಾಲ್ಕು ಪಾದಗಳು. ವಾದಿಯ ಹೇಳಿಕೆಯನ್ನು ಪ್ರತಿವಾದಿಯ ಎದುರಿಗೇ ಬರೆಯಿಸಬೇಕು. ಅದನ್ನು ಕೇಳಿದ ಪ್ರತಿವಾದಿಯ ಉತ್ತರವನ್ನು ವಾದಿಯ ಎದುರಿಗೆ ಬರೆಯಿಸಬೇಕು. “ಇವನು ನನಗೆ ನೂರು ನಾಣ್ಯ ಕೊಡಬೇಕು” ಎಂದು ವಾದಿಯು ಹೇಳಿದನೆನ್ನೋಣ. “ಕೊಡಬೇಕಾದುದು ನಿಜ” ಎಂದರೆ ಅದು ಸತ್ಯೋತ್ತರ. “ಕೊಡಬೇಕಾಗಿಲ್ಲ” ಎಂದರೆ ಮಿಥ್ಯೋತ್ತರ. “ತೆಗೆದುಕೊಂಡುದು ನಿಜ, ಆದರೆ ತೀರಿಸಿದ್ದೇನೆ” ಎಂದರೆ ಪ್ರತ್ಯವಸ್ಕಂದನ. “ಇದೇ ವಿಷಯದಲ್ಲಿ ಇವನು ಹಿಂದೆ ನನ್ನ ಮೇಲೆ ವ್ಯಾಜ್ಯ ಹೂಡಿ ಸೋತಿದ್ದಾನೆ” ಎಂದರೆ ಪ್ರಾಙ್ನ್ಯಾಯ. ಮಿಥ್ಯೋತ್ತರದಲ್ಲಿಯೂ ನಾಲ್ಕು ಬಗೆಗಳುಂಟು. “ಆ ಕಾಲಕ್ಕೆ ನಾನು ಹುಟ್ಟಿಯೇ ಇರಲಿಲ್ಲ” ಎಂಬುದು ಅವುಗಳಲ್ಲೊಂದು. ತಂದೆತಾತಂದಿರ ಪತ್ರಗಳನ್ನು ಹಿಡಿದು ಮಕ್ಕಳನ್ನು ಕಾಡುವವರು ಆಗಲೂ ಇದ್ದಿರಬೇಕು!

ಈ ವಿಭಾಗವು ಬರಿಯ ಪಾಂಡಿತ್ಯವಲ್ಲ. ಸಾಲವೇ ಇಲ್ಲವೆಂದರೆ ಸಾಧಿಸುವ ಭಾರವು ವಾದಿಯದು. ತೀರಿಸಿದೆನೆಂದರೆ ಆ ಭಾರವು ಪ್ರತಿವಾದಿಯ ಹೆಗಲಿಗೆ ಬರುವುದು. ಆದುದರಿಂದಲೇ ತೆತ್ತ ಹಣವನ್ನು ಸಾಲಪತ್ರದ ಬೆನ್ನ ಮೇಲೆ ಬರೆಯತಕ್ಕದ್ದೆಂದೂ, ಇಲ್ಲವೆ ಧನಿಕನು ಸ್ವಹಸ್ತದಿಂದ ರಸೀದಿ ಕೊಡತಕ್ಕದ್ದೆಂದೂ, ಸಾಲ ತೀರಿದೊಡನೆ ಪತ್ರವನ್ನು ಹರಿಯತಕ್ಕದ್ದೆಂದೂ ಸ್ಮೃತಿಯು ವಿಧಿಸಿದೆ. ಕುಡಿತಕ್ಕೂ ಜೂಜಿಗೂ ತಂದೆ ಮಾಡಿದ ಸಾಲವನ್ನು ಮಗನು ತೀರಿಸಬೇಕಾಗಿಲ್ಲ. ಇದ್ದ ಸಾಲವನ್ನು ಇಲ್ಲವೆಂದು ಸಿಕ್ಕಿಬಿದ್ದವನು ಆ ಹಣವನ್ನಲ್ಲದೆ ಅಷ್ಟೇ ದಂಡವನ್ನು ಅರಸನಿಗೆ ತೆರಬೇಕು. ಸುಳ್ಳು ವ್ಯಾಜ್ಯ ಹೂಡಿದವನಿಗಾದರೋ ಅದರ ಇಮ್ಮಡಿ. ಕರೆಸಿದಾಗ ಬಂದು ಏನನ್ನೂ ನುಡಿಯದವನು ಸೋತವನೆಂದೇ ಎಣಿಕೆ.

ಎಂಟುನೂರು ವರ್ಷಗಳ ಅನಂತರ ದಖ್ಖಣದ ಒಕ್ಕಲಿಗನನ್ನು ಕೆಡಿಸಿದುದು ಈ ಮೌನವೇ. 1859ರ ಕಾಲಾವಧಿಯ ಕಾನೂನು ನೋಂದಾಯಿಸದ ಸಾಲಪತ್ರದ ಮೇಲಿನ ದಾವೆಗೆ ಮೂರು ವರ್ಷಗಳ ಗಡುವನ್ನು ಗೊತ್ತುಮಾಡಿತು. ಸಾಲಗಾರನಿಗೆ ಅನುಕೂಲವಾಗಲೆಂದು ಮಾಡಿದ ಈ ನಿಯಮವು ವಿಪರೀತ ಫಲವನ್ನು ಕೊಟ್ಟಿತು: ಗಡುವು ಮುಗಿಯುವ ಮೊದಲು ಸಾಹುಕಾರನು ಬಡ್ಡಿಯನ್ನೂ ಅಸಲಿಗೆ ಸೇರಿಸಿ ಹೊಸ ಪತ್ರವನ್ನು ಬರೆಯಿಸಿಕೊಳ್ಳತೊಡಗಿದನು. ಓದುಬರಹವರಿಯದ ರೈತನು ಹೆಬ್ಬೆಟ್ಟೊತ್ತಿದನು. ತೆತ್ತುದಕ್ಕೆ ರಸೀದಿಯಿಲ್ಲ; ಲೆಕ್ಕದ ಪುಸ್ತಕವು ಸಾಹುಕಾರನ ಮನೆಯಲ್ಲಿ. ದೂರದ ಕೋರ್ಟಿಗೆ ಹೋದರೂ ತನ್ನ ಮಾತಿಗೆ ಆಧಾರವಿಲ್ಲವೆಂದು ಅನೇಕರು ಹೋಗಲೇ ಇಲ್ಲ. ಏಕಪಕ್ಷೀಯ ಡಿಕ್ರಿಗಳು ರಾಶಿರಾಶಿಯಾಗಿ ಹೊರಟವು. 1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪೆಯಲ್ಲಿ ಜನರು ದಂಗೆಯೆದ್ದರು. ಅಲ್ಲಿಯೂ ಅಹಮದನಗರ ಜಿಲ್ಲೆಯಲ್ಲಿಯೂ ಅವರು ಮುಖ್ಯವಾಗಿ ಹುಡುಕಿ ಸುಟ್ಟುದು ಸಾಲಪತ್ರಗಳನ್ನು, ಲೆಕ್ಕದ ಕಾಗದಗಳನ್ನು. ಕೋರ್ಟಿನಲ್ಲಿ ಹೇಳಲಾರದ ಉತ್ತರವನ್ನು ಅವರು ಬೆಂಕಿಯಿಂದ ಹೇಳಿದರೆನ್ನಬೇಕು.

ವಿಚಾರಣಾ ಮಂಡಲಿಯ ವರದಿಯ ತರುವಾಯ 1879ರಲ್ಲಿ ದಖ್ಖಣದ ವ್ಯವಸಾಯಗಾರರ ಪರಿಹಾರದ ಕಾನೂನು ಹುಟ್ಟಿತು. ಪುಣೆ, ಸಾತಾರೆ, ಅಹಮದನಗರಗಳೊಡನೆ, ಕನ್ನಡಿಗರೂ ನೆಲಸಿದ ಸೊಲ್ಲಾಪುರ ಜಿಲ್ಲೆಗೂ ಅದು ಅನ್ವಯಿಸಿತು. ಪತ್ರದಲ್ಲಿ ಬರೆದ ಮೊತ್ತಕ್ಕೆ ಕಟ್ಟುಬೀಳದೆ ಸಾಲದ ಚರಿತ್ರೆಯನ್ನು ಮೊದಲಿನಿಂದ ಶೋಧಿಸುವ ಹೊಣೆ ನ್ಯಾಯಾಧೀಶನಿಗೇ ಬಂದಿತು. ತೆತ್ತ ಹಣಕ್ಕೆ ರಸೀದಿ ಪಡೆಯುವ ಹಕ್ಕೂ, ವರುಷ ವರುಷದ ಲೆಕ್ಕವನ್ನು ಕೇಳುವ ಹಕ್ಕೂ ರೈತನಿಗೆ ದೊರೆತವು; ಹಣದ ಡಿಕ್ರಿಗಾಗಿ ಅವನನ್ನು ಹಿಡಿದು ಸೆರೆಯಲ್ಲಿಡುವುದೂ ನಿಂತಿತು.