ಊರ ಹೆಬ್ಬಾವು, ಹೊರದೇಶದ ಹೆಬ್ಬಾವು: ಒಂದು ಕಾಯ್ದೆಯ ಕಥೆ

ದಕ್ಷಿಣ ಬೆಂಗಳೂರಿನ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ. ಜೆ.ಪಿ. ನಗರ ದಾಟಿ ಬನ್ನೇರುಘಟ್ಟ ರಸ್ತೆಯಲ್ಲಿ ಮುಂದೆ ಹೋದರೆ ಕಾಡು ಸಿಗುತ್ತದೆ. ಬನಶಂಕರಿ 6ನೇ ಹಂತದ ಮಗ್ಗುಲಲ್ಲೇ ತುರಹಳ್ಳಿಯ ಕುರುಚಲು ಕಾಡಿದೆ. ಬಿ.ಟಿ.ಎಂ. ಬಡಾವಣೆ ಎಂಬ ಹೆಸರು ಹುಟ್ಟಿದ್ದು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಹಳ್ಳಿಗಳ ಹೆಸರಿನಿಂದ. ಜಯನಗರಕ್ಕೆ 1948ರಲ್ಲಿ ರಾಜಗೋಪಾಲಾಚಾರಿ ಅವರು ಅಡಿಗಲ್ಲು ಹಾಕಿದಾಗ ಸುತ್ತಲೂ ಹೊಲ, ಕೆರೆ, ಬಂಡೆ. ಅಂದರೆ ಇಲ್ಲಿ ಹಾವುಗಳು ಮೊದಲು ಬಂದವು, ನಾವು ಆಮೇಲೆ.

ಇಂಥ ಕಡೆ ಉರಗಗಳ ಪಾಠ ಮಾಡುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. 'ಹೆಬ್ಬಾವಿಗೆ ವಿಷವಿಲ್ಲವಲ್ಲ, ಮನೆಯಲ್ಲಿ ಸಾಕಬಹುದೆ?' ಅಮೆರಿಕದಲ್ಲಿ ಯಾರೋ ಹೆಗಲ ಮೇಲೆ ಹೆಬ್ಬಾವು ಹೊತ್ತು ನಿಂತ ಚಿತ್ರವನ್ನು ಮಕ್ಕಳು ನೋಡಿರುತ್ತಾರೆ. ನಮ್ಮ ನೆಲದ ಹೆಬ್ಬಾವಾದರೆ ಉತ್ತರ ಒಂದೇ ಮಾತು: ಕೂಡದು. ಹೊರದೇಶದ್ದಾದರೆ ಉತ್ತರ ಅಷ್ಟು ಸರಳವಲ್ಲ, ಅದು ಇತ್ತೀಚೆಗೆ ಬದಲಾಗಿದೆ ಕೂಡ. ಯಾಕೆ ಹೀಗಾಯಿತು ಎಂದು ತಿಳಿಯಲು ಕಾನೂನಿನ ಚರಿತ್ರೆಯನ್ನು ಸ್ವಲ್ಪ ಕೆದಕಬೇಕು.

ಹಳೆಯ ಕಾನೂನುಗಳಿಗೆ ಹಾವು ರಕ್ಷಿಸಬೇಕಾದ ಜೀವಿಯೇ ಆಗಿರಲಿಲ್ಲ. 1872ರಲ್ಲಿ ಭಾರತದ ವಿಷದ ಹಾವುಗಳ ಬಗ್ಗೆ ಮಹತ್ವದ ಸಚಿತ್ರ ಗ್ರಂಥ ಪ್ರಕಟಿಸಿದ ವೈದ್ಯ ಜೋಸೆಫ್ ಫೇರರ್ ಕೂಡ ವಿಷದ ಹಾವು ಕೊಂದವರಿಗೆ ಬಹುಮಾನ ಕೊಡಬೇಕೆಂದೇ ವಾದಿಸಿದವರು. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆಯ ಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಗೆ ನಿಬಂಧನೆ ತಂದಿತು. ಅದರ ಹೆಸರೇ ಹೇಳುವಂತೆ ಅದು ಬೇಟೆಗಾರನ ಕಣ್ಣಿನಿಂದ ಬರೆದದ್ದು. ಬ್ರಿಟಿಷ್ ಭಾರತದ 1912ರ ಕಾಯ್ದೆಯ ಪಟ್ಟಿಯಲ್ಲಿ ಹಕ್ಕಿಗಳೂ ಕೆಲವು ಸ್ತನಿಗಳೂ ಇದ್ದವು, ಉರಗಗಳು ಇರಲಿಲ್ಲ. ಹಾವಿನ ಚರ್ಮವಂತೂ ಲಕ್ಷಗಟ್ಟಲೆ ಹೊರದೇಶಕ್ಕೆ ಹೋಗುತ್ತಿತ್ತು. ಆ ರಫ್ತು ನಿಂತದ್ದು 1976ರಲ್ಲಿ.

ಸಂವಿಧಾನ ಜಾರಿಯಾದಾಗ ಕಾಡುಪ್ರಾಣಿ, ಹಕ್ಕಿಗಳ ರಕ್ಷಣೆ ರಾಜ್ಯಗಳ ಪಟ್ಟಿಯಲ್ಲಿತ್ತು. ಮೈಸೂರು ರಾಜ್ಯವೂ 1963ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತ್ತು. ಹಾಗಾದರೆ ಸಂಸತ್ತು 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಹೇಗೆ ಮಾಡಿತು? ಸಂವಿಧಾನದ 252ನೇ ವಿಧಿಯಂತೆ, ರಾಜ್ಯಗಳೇ ಕೇಳಿಕೊಂಡರೆ ಸಂಸತ್ತು ರಾಜ್ಯಪಟ್ಟಿಯ ವಿಷಯದಲ್ಲೂ ಕಾನೂನು ಮಾಡಬಹುದು. ಹಾಗೆ ನಿರ್ಣಯ ಮಾಡಿ ಕೇಳಿದ 11 ರಾಜ್ಯಗಳ ಹೆಸರು ಕಾಯ್ದೆಯ ಪೀಠಿಕೆಯಲ್ಲೇ ಇದೆ. ಅದರಲ್ಲಿ ಮೈಸೂರು ಇಲ್ಲ! ಆನೆ, ಹುಲಿಗಳ ನಾಡಾದ ನಾವು ಆ ಕಾಯ್ದೆಯನ್ನು ಒಪ್ಪಿ ಅಳವಡಿಸಿಕೊಂಡದ್ದು ಆಮೇಲೆ. 1976ರ 42ನೇ ತಿದ್ದುಪಡಿ ಈ ವಿಷಯವನ್ನು ಸಮವರ್ತಿ ಪಟ್ಟಿಗೆ ತಂದಿತು. ಹೀಗಾಗಿ ಹೆಬ್ಬಾವಿನ ವಿಚಾರದಲ್ಲಿ ಜಯನಗರಕ್ಕೂ ಜಬಲ್ಪುರಕ್ಕೂ ಒಂದೇ ಕಾನೂನು.

ಆ ಕಾಯ್ದೆ ಹೆಬ್ಬಾವಿಗೆ ಮೊದಲನೆಯ ಅನುಸೂಚಿಯಲ್ಲಿ, ಹುಲಿಯ ಜೊತೆಯಲ್ಲಿ, ಜಾಗ ಕೊಟ್ಟಿತು. ಇಲ್ಲಿ 'ಬೇಟೆ' ಎಂಬ ಪದದ ಅರ್ಥವನ್ನು ಗಮನಿಸಿ. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಬಲೆಗೆ ಕೆಡವುವುದು, ಮೊಟ್ಟೆ ಕೆಡಿಸುವುದು ಕೂಡ ಬೇಟೆಯೇ. ತೋಟದಲ್ಲಿ ಸಿಕ್ಕ ಮರಿಯನ್ನು ಪ್ರೀತಿಯಿಂದ ಡಬ್ಬಿಯಲ್ಲಿಟ್ಟು ಇಲಿ ತಿನ್ನಿಸಿದರೂ ಅಪರಾಧವೇ. ಶಿಕ್ಷೆ 3ರಿಂದ 7 ವರ್ಷ ಸೆರೆ, ಜೊತೆಗೆ ದಂಡ. ದಂಡದ ಕನಿಷ್ಠ ಮೊತ್ತ ಮೊದಲು 10,000 ರೂಪಾಯಿ ಇದ್ದದ್ದು ಈಗ 25,000. ಈ ಬಿಸಿ ಮೊದಲು ತಟ್ಟಿದ್ದು ಹಾವಾಡಿಗರಿಗೆ. ತಮಿಳುನಾಡಿನಲ್ಲಿ ಇರುಳರು 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು, ಪರವಾನಗಿ ಪಡೆದು, ವಿಷ ತೆಗೆಯುವ ಕೆಲಸಕ್ಕೆ ತಿರುಗಿದರು. ಅಂಥ ದಾರಿ ಎಲ್ಲ ಹಾವಾಡಿಗರಿಗೂ ಸಿಗಲಿಲ್ಲ. ಬುಟ್ಟಿ ಕಸಿದುಕೊಂಡ ಕಾಯ್ದೆ ಅವರ ಕೈಗೆ ಬೇರೇನನ್ನೂ ಕೊಡಲಿಲ್ಲ ಎಂಬುದನ್ನು ವಿಜ್ಞಾನ ಶಿಕ್ಷಕರೂ ಮರೆಯಬಾರದು.

ಈಗ ಹೆಸರಿನ ವಿಚಾರಕ್ಕೆ ಬರೋಣ. ದ್ವಿನಾಮ ಪದ್ಧತಿಯನ್ನು ಪರೀಕ್ಷೆಗಾಗಿ ಕಲಿಯುವ ವಿದ್ಯಾರ್ಥಿಗಳಿಗೆ ಇದೊಂದು ಸೊಗಸಾದ ಉದಾಹರಣೆ. ಹಳೆಯ ಅನುಸೂಚಿಯಲ್ಲಿ ಇದ್ದದ್ದು ಪ್ರಭೇದದ ಹೆಸರಲ್ಲ, 'ಹೆಬ್ಬಾವುಗಳು (ಪೈಥಾನ್ ಕುಲ)' ಎಂದಷ್ಟೇ. ನಮ್ಮ ಹೆಬ್ಬಾವು ಪೈಥಾನ್ ಮೊಲ್ಯೂರಸ್. ಬರ್ಮಾ ಹೆಬ್ಬಾವನ್ನು ಬಹುಕಾಲ ಇದರ ಉಪಪ್ರಭೇದವೆಂದೇ ಎಣಿಸಿದ್ದರು. 2009ರಲ್ಲಿ ಅದು ಪೈಥಾನ್ ಬೈವಿಟ್ಟೇಟಸ್ ಎಂಬ ಬೇರೆ ಪ್ರಭೇದವಾಯಿತು. ಎರಡನ್ನೂ ಗುರುತಿಸಲು ಕಣ್ಣಿನ ಕೆಳಗೆ ನೋಡಬೇಕು. ನಮ್ಮದರಲ್ಲಿ ಮೇಲ್ದುಟಿಯ ಒಂದು ಹುರುಪೆ ಕಣ್ಣನ್ನು ಮುಟ್ಟುತ್ತದೆ. ಬರ್ಮಾದ್ದರಲ್ಲಿ ನಡುವೆ ಬೇರೆ ಸಣ್ಣ ಹುರುಪೆಗಳು ಅಡ್ಡ ಬರುತ್ತವೆ. ಬರ್ಮಾ ಹೆಬ್ಬಾವು ಈಶಾನ್ಯ ಭಾರತದಲ್ಲೂ ಇರುವುದರಿಂದ 'ಇದು ವಿದೇಶಿ' ಎಂಬ ನೆಪಕ್ಕೆ ಅಲ್ಲಿ ಜಾಗವೇ ಇಲ್ಲ.

ಆದರೆ ಆಫ್ರಿಕದ ಬಾಲ್ ಪೈಥಾನ್? ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವ ಈ ಪುಟ್ಟ ಹೆಬ್ಬಾವು, ಪೈಥಾನ್ ರೀಜಿಯಸ್, ಕೂಡ ಅದೇ ಕುಲದ್ದು. ಅಕ್ಷರ ಹಿಡಿದು ಓದಿದರೆ ಅದೂ ಮೊದಲನೆಯ ಅನುಸೂಚಿಗೆ ಸೇರಬೇಕಿತ್ತು. ಆಚರಣೆಯಲ್ಲಿ ಅದನ್ನು ಹೊರಗಿನದೆಂದೇ ಬಿಟ್ಟರು. ದಕ್ಷಿಣ ಅಮೆರಿಕದ ಅನಕೊಂಡ, ಬೋವಾಗಳು ಬೇರೆ ಕುಲದವು; ಅವುಗಳ ಹೆಸರೇ ಕಾಯ್ದೆಯಲ್ಲಿ ಇರಲಿಲ್ಲ. ಭಾರತ 1976ರಲ್ಲಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿತು ನಿಜ. ಆದರೆ ಅದು ನಡೆಯುತ್ತಿದ್ದದ್ದು ಗಡಿಯಲ್ಲಿ, ಕಸ್ಟಮ್ಸ್ ಕಾನೂನಿನ ಬಲದಿಂದ. ಪೆಟ್ಟಿಗೆ ವಿಮಾನ ನಿಲ್ದಾಣ ದಾಟಿ ಮನೆ ಸೇರಿತೆಂದರೆ 'ಇಲ್ಲೇ ಹುಟ್ಟಿದ ಮರಿ' ಎಂದರೆ ಮುಗಿಯಿತು. ಸುಮಾರು ಐವತ್ತು ವರ್ಷ ಹೀಗೆಯೇ ನಡೆಯಿತು.

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ, ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು ತಾವಾಗಿಯೇ ಘೋಷಿಸಬಹುದೆಂದು ಹೇಳಿತು. ಆರು ತಿಂಗಳೊಳಗೆ ಹೇಳಿದರೆ ದಾಖಲೆ ಕೇಳುವುದಿಲ್ಲ ಎಂಬ ರಿಯಾಯಿತಿಯೂ ಇತ್ತು. ಆಮೇಲೂ ಕಳ್ಳಸಾಗಣೆ ನಿಲ್ಲಲಿಲ್ಲ. 2023ರ ಜನವರಿಯಲ್ಲಿ ಬೆಂಗಳೂರಿನ ಒಂದು ತೋಟದ ಮನೆಯಲ್ಲಿ ಅನಕೊಂಡ, ಬಾಲ್ ಪೈಥಾನ್ ಸೇರಿ 139 ಪ್ರಾಣಿಗಳು ಸಿಕ್ಕವು. ಅವುಗಳನ್ನು ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಒಪ್ಪಿಸಲಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕಿನಿಂದ ಬಂದ ಪೆಟ್ಟಿಗೆಗಳಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಮತ್ತು ಸತ್ತ 6 ಕಪಿಗಳಿದ್ದವು.

ಈ ನಡುವೆ ಕಾಯ್ದೆ ಬದಲಾಗಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂತು. ಆರು ಅನುಸೂಚಿಗಳು ನಾಲ್ಕಾದವು. ನಾಲ್ಕನೆಯದರಲ್ಲಿ ಸೈಟಿಸ್ ಪಟ್ಟಿಯ ಜೀವಿಗಳೇ ಇವೆ. 2024ರ ಫೆಬ್ರವರಿ 28ರ ನಿಯಮಗಳಂತೆ ಅಂಥ ಜೀವಂತ ಪ್ರಾಣಿ ಇಟ್ಟುಕೊಂಡವರು ಆರು ತಿಂಗಳಲ್ಲಿ ನೋಂದಾಯಿಸಬೇಕಿತ್ತು. ಆಮೇಲೆ ಪಡೆದವರಿಗೆ 30 ದಿನ. ಮರಿ ಹುಟ್ಟಿದರೆ, ಹಾವು ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಅಂದರೆ ಬಾಲ್ ಪೈಥಾನ್ ಸಾಕುವುದು ಪೂರ್ತಿ ನಿಷಿದ್ಧವಲ್ಲ, ಲೆಕ್ಕವಿಲ್ಲದೆ ಸಾಕುವುದು ನಿಷಿದ್ಧ. ಆ ನಿಯಮ ಬಂದು ಎರಡು ತಿಂಗಳಾಗುವುದರೊಳಗೆ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಒಬ್ಬ ಪ್ರಯಾಣಿಕನ ಚೀಲದಲ್ಲಿ 10 ಹಳದಿ ಅನಕೊಂಡಗಳು ಸಿಕ್ಕವು.

ಒಂದು ಹಾವಿನ ಲೆಕ್ಕ ಇಷ್ಟು ಮುಖ್ಯವೆ? ಅಮೆರಿಕದ ಫ್ಲಾರಿಡಾ ರಾಜ್ಯವನ್ನು ನೋಡಿ. ಸಾಕಲು ತಂದ ಬರ್ಮಾ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗಿನಲ್ಲಿ ನೆಲೆನಿಂತವೆಂದು 2000ದ ಹೊತ್ತಿಗೆ ಒಪ್ಪಲಾಯಿತು. ಅಲ್ಲಿ ಸಾಕುವ ಕಾನೂನು ರಾಜ್ಯಕ್ಕೊಂದು ಬಗೆ. ಕೇಂದ್ರ ಸರ್ಕಾರ 2012ರಲ್ಲಿ ನಾಲ್ಕು, 2015ರಲ್ಲಿ ಇನ್ನೂ ನಾಲ್ಕು ದೊಡ್ಡ ಹಾವುಗಳನ್ನು ಹಾನಿಕರವೆಂದು ಸಾರಿತು. ಆದರೆ ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ಆ ಕಾನೂನು ತಡೆಯಲಾರದೆಂದು 2017ರಲ್ಲಿ ನ್ಯಾಯಾಲಯ ಹೇಳಿತು. ಬ್ರಿಟನ್ನಿನ 1976ರ ಅಪಾಯಕಾರಿ ಪ್ರಾಣಿಗಳ ಕಾಯ್ದೆಯಲ್ಲಂತೂ ವಿಷದ ಹಾವುಗಳಿವೆ, ಹೆಬ್ಬಾವೇ ಇಲ್ಲ. ಫ್ಲಾರಿಡಾದಲ್ಲಿ ಹೆಬ್ಬಾವು ಮೊಲ, ರಕೂನ್‌ಗಳನ್ನು ತಿಂದದ್ದು ಎಲ್ಲರಿಗೂ ಗೊತ್ತು. ಹೆಚ್ಚು ಗೊತ್ತಿಲ್ಲದ್ದು, ಅದರ ಶ್ವಾಸಕೋಶದಲ್ಲಿ ಬಂದ ಏಷ್ಯದ ಒಂದು ಪರಾವಲಂಬಿ ಅಲ್ಲಿನ ನಾಡಹಾವುಗಳಿಗೂ ಹರಡಿದ್ದು. ಹೊರಗಿನ ಹಾವು ತಪ್ಪಿಸಿಕೊಂಡು ತುರಹಳ್ಳಿಗೆ ಹೋದರೆ ನನಗೆ ಹೆಚ್ಚು ಭಯ ಅದರ ಹೊಟ್ಟೆಯದಲ್ಲ, ಶ್ವಾಸಕೋಶದ್ದು. ಹೆಣ್ಣೊಂದೇ ಇದ್ದರೆ ಏನಾಗುತ್ತದೆ ಎನ್ನುವಂತೆಯೂ ಇಲ್ಲ. ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಬಾಲ್ ಪೈಥಾನ್ ಒಂದು, ಕನಿಷ್ಠ 15 ವರ್ಷ ಗಂಡಿನ ಸಂಗವಿಲ್ಲದೆ, 2020ರಲ್ಲಿ ಮೊಟ್ಟೆ ಇಟ್ಟಿತು!

ಶಿಕ್ಷಕರಿಗೆ ಇನ್ನೊಂದು ಮಾತು. ಕಾಯ್ದೆ ಜೀವಂತ ಹಾವಿಗೆ ನಿಲ್ಲುವುದಿಲ್ಲ. ಮೊದಲನೆಯ ಅನುಸೂಚಿಯ ಪ್ರಾಣಿಯ ಚರ್ಮವೂ, ಕೆಡದಂತೆ ಕಾಪಾಡಿದ ದೇಹವೂ ಅದರ ವ್ಯಾಪ್ತಿಗೆ ಬರುತ್ತವೆ. 1972ರ ಕಾಯ್ದೆ ಜಾರಿಯಾದಾಗ 30 ದಿನಗಳಲ್ಲಿ ಘೋಷಿಸಬೇಕೆಂದಿತ್ತು. 2003ರಲ್ಲಿ ಇನ್ನೊಮ್ಮೆ 180 ದಿನಗಳ ಅವಕಾಶ ಕೊಟ್ಟರು. ಮಾನ್ಯತೆ ಪಡೆದ ಮೃಗಾಲಯಕ್ಕೂ ಸಾರ್ವಜನಿಕ ವಸ್ತುಸಂಗ್ರಹಾಲಯಕ್ಕೂ ಇದರಿಂದ ವಿನಾಯಿತಿ ಇದೆ, ಶಾಲೆಯ ಪ್ರಯೋಗಾಲಯಕ್ಕೆ ಇಲ್ಲ. ನಾನು ಓದಿದ ಶಾಲೆಯ ಕಪಾಟಿನಲ್ಲಿ ಫಾರ್ಮಲಿನ್ ತುಂಬಿದ ಒಂದು ಸೀಸೆ ಇತ್ತು. ಅದರ ಚೀಟಿಯಲ್ಲಿ 'ಹೆಬ್ಬಾವಿನ ಮರಿ' ಎಂದಷ್ಟೇ ಬರೆದಿತ್ತು. ಊರು ಇಲ್ಲ, ಇಸವಿ ಇಲ್ಲ.