ತಾವರೆಯೆಲೆಯ ಮೇಲ್ಮೈ: ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕಣ್ಣಿನಲ್ಲಿ

ತಾವರೆಯೆಲೆಗೆ ನೀರು ಅಂಟದೆಂಬುದನ್ನು ನಮ್ಮ ಪೂರ್ವಿಕರು ಚೆನ್ನಾಗಿ ಅರಿತು, ನಿರ್ಲಿಪ್ತ ಜೀವನಕ್ಕೆ ಅದನ್ನೇ ಉಪಮಾನವಾಗಿ ಬಳಸಿದರಾದರೂ, ಅದರ ಕಾರಣವು ಬರಿಗಣ್ಣಿಗೆ ಗೋಚರಿಸುವಂಥದಾಗಿರಲಿಲ್ಲ. ಸಾಧಾರಣ ಬೆಳಕಿನ ಸೂಕ್ಷ್ಮದರ್ಶಕವೂ ಸುಮಾರು 200 ನ್ಯಾನೊಮೀಟರಿಗಿಂತ ಕಿರಿದಾದ ವಿವರಗಳನ್ನು ಬೇರ್ಪಡಿಸಿ ತೋರಲಾರದು.

ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನಿರ್ವಾತ ಕೋಷ್ಠದಲ್ಲಿ, ಚಿನ್ನದ ತೆಳುಲೇಪವನ್ನು ಹೊತ್ತ ಎಲೆಯ ತುಣುಕಿನ ಮೇಲೆ, ಎಲೆಕ್ಟ್ರಾನುಗಳ ಕಿರಣವು ನೇಗಿಲು ಹೂಡಿದಂತೆ ಸಾಲುಸಾಲಾಗಿ ಹರಿಯುತ್ತದೆ. ಆಗ ಮೇಲ್ಮೈಯಿಂದ ಚಿಮ್ಮುವ ದ್ವಿತೀಯಕ ಎಲೆಕ್ಟ್ರಾನುಗಳನ್ನು ಬಿಂದುಬಿಂದುವಾಗಿ ಗ್ರಹಿಸಲಾಗಿ, ಅಂಚುಗಳೂ ಇಳಿಜಾರುಗಳೂ ಬೆಳಗಿ, ತಗ್ಗುಗಳು ಮಬ್ಬಾಗಿ, ಶಿಲ್ಪದಂತಹ ಚಿತ್ರವೊಂದು ಮೂಡುತ್ತದೆ.

ಕೇಂಬ್ರಿಜ್‌ನಲ್ಲಿ ಚಾರ್ಲ್ಸ್ ಓಟ್ಲಿಯವರ ತಂಡವು ಪರಿಷ್ಕರಿಸಿದ ಈ ಯಂತ್ರವು 1965ರಲ್ಲಿ ಮಾರುಕಟ್ಟೆಗೆ ಬಂದಿತು. ಜರ್ಮನಿಯ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಬಾರ್ಟ್‌ಲಾಟ್ 1970ರ ದಶಕದಿಂದ ಇದರ ನೆರವಿನಿಂದ ಅನೇಕಾನೇಕ ಎಲೆಗಳನ್ನು ಪರಿಶೀಲಿಸುತ್ತ, ತಾವರೆಯ ಹೊರಪದರದ ಕೋಶಗಳು ಗುಬುಟುಗಳಾಗಿ ಮೇಲೆದ್ದಿರುವುದನ್ನೂ, ಆ ಗುಬುಟುಗಳೆಲ್ಲ ಮೇಣದ ಅತಿಸೂಕ್ಷ್ಮ ನಳಿಕೆಗಳಿಂದ ಆವೃತವಾಗಿರುವುದನ್ನೂ ಕಂಡರು. ಹನಿಯು ಈ ತುದಿಗಳ ಮೇಲಷ್ಟೇ ನಿಂತು, ಕೆಳಗೆ ಗಾಳಿ ಸಿಲುಕಿರುವ ಕಾರಣ ಗುಂಡಾಗಿಯೇ ಉಳಿದು, ಉರುಳುವಾಗ ಧೂಳನ್ನೂ ಒಯ್ಯುತ್ತದೆ. ನುಣುಪೆಂದು ತೋರುವ ಎಲೆಯ ಶುಚಿತ್ವಕ್ಕೆ ಅದರ ಒರಟುತನವೇ ಆಧಾರವೆಂಬುದು ಹೀಗೆ ವಿದಿತವಾಯಿತು.